ಪರಕೃತಿಯನ್ನು ತೂಗುವ ಬಗೆ: ತೆಂಗಿನ ಸೀಮೆಯ ಮೂವರು ವಿದ್ವಾಂಸರು

ಸುವರ್ಣಮುಖಿ ನದಿಗೆ ಅಡ್ಡಲಾಗಿ ಕಟ್ಟಿರುವ ಬೋರನಕಣಿವೆ ಜಲಾಶಯದ ಆಸುಪಾಸಿನಿಂದ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿರುವ ಸೀಮೆ ತೆಂಗಿಗೂ ಕೊಬ್ಬರಿಗೂ ಪ್ರಸಿದ್ಧವಾದುದು. ಆಧುನಿಕ ಕನ್ನಡ ವಿಮರ್ಶೆಯ ಚರಿತ್ರೆಯಲ್ಲಿಯೂ ಈ ಸೀಮೆಗೆ ಗಣ್ಯವಾದ ಸ್ಥಾನವಿದೆ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಜನಿಸಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. 1906ರಲ್ಲಿ, ಒಂದೇ ತಿಂಗಳ ಅಂತರದಲ್ಲಿ, ಡಿ.ಎಲ್. ನರಸಿಂಹಾಚಾರ್ಯರು ಚಿಕ್ಕನಾಯಕನಹಳ್ಳಿಯಲ್ಲಿಯೂ ತೀ.ನಂ. ಶ್ರೀಕಂಠಯ್ಯನವರು ಅದೇ ತಾಲ್ಲೂಕಿನ ತೀರ್ಥಪುರದಲ್ಲಿಯೂ ಜನಿಸಿದರು. ಮೂವರ ಕಾರ್ಯಕ್ಷೇತ್ರವೂ ಮೈಸೂರು ವಿಶ್ವವಿದ್ಯಾನಿಲಯವೇ. ಮತ್ತೊಬ್ಬರ ಕೃತಿಯನ್ನು ಅದಕ್ಕೆ ಅನ್ಯಾಯವಾಗದಂತೆ, ಸತ್ಯಕ್ಕೂ ಚ್ಯುತಿ ಬಾರದಂತೆ ತೂಗುವುದು ಹೇಗೆ ಎಂಬ ಪ್ರಶ್ನೆಗೆ ಇವರ ಬರಹಗಳು ಒಂದೊಂದು ಬಗೆಯಲ್ಲಿ ಉತ್ತರ ಕೊಡುತ್ತವೆ. ಆ ಉತ್ತರಗಳಿಗೆ ಆಧಾರವಾದ ಕೃತಿಗಳಲ್ಲಿ ಅನೇಕವು ಜೈನಕವಿಗಳ ಕೃತಿಗಳೆಂಬುದು ಗಮನಾರ್ಹ.

ಈ ಪ್ರಶ್ನೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕಾವ್ಯದೋಷಗಳನ್ನು ವಿವರಿಸುವಾಗ ದೋಷವನ್ನು ಹೆಸರಿಸಿ ಸುಮ್ಮನಾಗುವುದಿಲ್ಲ. ದೋಷಯುಕ್ತವಾದ ಪ್ರಯೋಗವನ್ನು ಕೊಟ್ಟು, ಅದನ್ನೇ ಹೇಗೆ ತಿದ್ದಿದರೆ ನಿರ್ದುಷ್ಟವಾಗುವುದೆಂದೂ ತೋರಿಸುತ್ತದೆ. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥದಲ್ಲಿಯೇ ಆಕ್ಷೇಪಣೆಯೂ ಪರಿಹಾರವೂ ಜೊತೆಯಾಗಿವೆ. ಮುಂದೆ ಸಂಸ್ಕೃತದಲ್ಲಿ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಏನನ್ನು ಕೊಟ್ಟರೂ ರುಚಿಸದವನು ಅರೋಚಕಿ. ಕಾಳು ಹುಲ್ಲುಗಳ ಭೇದವಿಲ್ಲದೆ ಎಲ್ಲವನ್ನೂ ನುಂಗುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಅಸೂಯೆಯಿಂದ ಮರೆಮಾಡುವವನು ಮತ್ಸರಿ. ತಿರುಳನ್ನು ಅರಸಿ ಹಿಡಿಯುವವನು ತತ್ತ್ವಾಭಿನಿವೇಶಿ. ಕೊನೆಯವನು ಅತಿ ವಿರಳನೆಂದು ರಾಜಶೇಖರನೇ ಒಪ್ಪುತ್ತಾನೆ.

ಆಧುನಿಕ ಕಾಲದಲ್ಲಿ ಈ ಕಾರ್ಯ ಮತ್ತಷ್ಟು ಕಠಿಣವಾಯಿತು. ಇಂಗ್ಲಿಷ್ ಶಿಕ್ಷಣದೊಡನೆ ಹೊಸ ಅಳತೆಗೋಲುಗಳು ಬಂದವು. ಹಳಗನ್ನಡದ ಪುರಾಣಕಾವ್ಯಗಳನ್ನು ಬರಿಯ ಮತಗ್ರಂಥಗಳೆಂದು ಬದಿಗಿರಿಸುವುದು ಆಗ ಸುಲಭವಾಗಿತ್ತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಅವರು ಗ್ರೀಕ್ ರುದ್ರನಾಟಕದ ಪರಿಚಯವನ್ನು ಈ ಕಾವ್ಯಗಳನ್ನು ಹೀಗಳೆಯಲು ಬಳಸಲಿಲ್ಲ. ಅವುಗಳಲ್ಲಿ ಅಡಗಿದ್ದ ಸತ್ತ್ವವನ್ನು ಹೊರತೆಗೆಯಲು ಬಳಸಿದರು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕೃತಿಯನ್ನು ರೂಪಿಸಿದರು. ‘ಎ ಟ್ರ್ಯಾಜಿಕ್ ರಾವಣ’ ಎಂಬ ಇಂಗ್ಲಿಷ್ ಪ್ರಬಂಧದಲ್ಲಿ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನನ್ನು ದುರಂತ ನಾಯಕನೆಂದು ನಿರೂಪಿಸಿದರು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ಹಿಡಿದ ಮಹಾಪುರುಷನೊಬ್ಬ ಒಂದು ಸ್ಖಲನದಿಂದ ಕೆಡುವುದು, ಸೀತೆಯ ದುಃಖವನ್ನು ಕಂಡು ಕರಗುವುದು, ಯುದ್ಧದಲ್ಲಿ ಗೆದ್ದು ಬಳಿಕ ಆಕೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸಿಯೂ ಅಳಿಯುವುದು ಇವೆಲ್ಲ ಆ ಓದಿನಿಂದ ಹೊಸ ಬೆಳಕು ಪಡೆದವು. ಅನೇಕ ಓದುಗರು ನಾಗಚಂದ್ರನನ್ನು ಕವಿಯೆಂಬ ಕಾರಣಕ್ಕಾಗಿಯೇ ಮತ್ತೆ ಕೈಗೆತ್ತಿಕೊಳ್ಳುವಂತಾಯಿತು.

ಆದರೆ ಆ ಪ್ರಶಂಸೆಯೂ ಪರೀಕ್ಷೆಗೆ ಒಳಗಾಗಬೇಕಾಗಿತ್ತು. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ ಮತ್ತು ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ಗಳೊಡನೆ ಹೋಲಿಸಿದಾಗ, ರಾವಣನ ವ್ರತವೂ ಪಶ್ಚಾತ್ತಾಪವೂ ನಾಗಚಂದ್ರನ ಸ್ವಂತ ಕಲ್ಪನೆಗಳಲ್ಲವೆಂಬುದು ಸ್ಪಷ್ಟವಾಗುತ್ತದೆ. ಜೈನ ಪರಂಪರೆಯಲ್ಲಿ ರಾವಣನು ಪ್ರತಿವಾಸುದೇವ. ವಾಸುದೇವನಾದ ಲಕ್ಷ್ಮಣನಿಂದ ಅವನ ವಧೆಯಾಗುವುದು ನಿಯತವಾದ ಸಂಗತಿ. ಕರ್ಮಸಿದ್ಧಾಂತದ ಈ ಚೌಕಟ್ಟಿನಲ್ಲಿ ಗ್ರೀಕ್ ಅರ್ಥದ ದುರಂತಕ್ಕೆ ಎಷ್ಟು ಅವಕಾಶವಿದೆ ಎಂಬ ಪ್ರಶ್ನೆಯೂ ಏಳುತ್ತದೆ. ಹಾಗೆಂದು ಮೊದಲ ಓದು ನಿರರ್ಥಕವಾಯಿತೆ? ಇಲ್ಲ. ಕಥಾಂಶ ಪ್ರಾಚೀನವಾದರೂ ವಿಸ್ತಾರವಾದ ಪುರಾಣವನ್ನು ಸಂಗ್ರಹಿಸಿ ರಾವಣನ ಅಂತರಂಗದ ಸಂಘರ್ಷಕ್ಕೆ ಚಂಪೂವಿನಲ್ಲಿ ರೂಪ ಕೊಟ್ಟ ಕೌಶಲ ನಾಗಚಂದ್ರನದೇ. ತಿದ್ದುಪಡಿಯು ಕವಿಯ ನಿಜವಾದ ಗಳಿಕೆ ಯಾವುದೆಂಬುದನ್ನು ಇನ್ನಷ್ಟು ಖಚಿತಪಡಿಸಿತೇ ಹೊರತು ಹಿಂದಿನ ವಿಮರ್ಶಕನನ್ನು ಅಳಿಸಿಹಾಕಲಿಲ್ಲ.

ಕೃತಿಯ ಗುಣದೋಷಗಳನ್ನು ನಿರ್ಣಯಿಸುವ ಮೊದಲು ಎದುರಿಗಿರುವ ಪಾಠ ಕವಿಯದೇ ಎಂದು ಕೇಳಬೇಕು. ಇದು ಡಿ.ಎಲ್.ಎನ್. ಅವರ ಜೀವಮಾನದ ಕಾಯಕ. 1949ರಲ್ಲಿ ಅವರು ಸಂಪಾದಿಸಿ ಪ್ರಕಟಿಸಿದ ‘ವಡ್ಡಾರಾಧನೆ’ ಹತ್ತೊಂಬತ್ತು ಕಥೆಗಳ ಹಳಗನ್ನಡ ಗದ್ಯಗ್ರಂಥ. ಅದರ ಹೆಸರು, ಕರ್ತೃ, ಕಾಲ ಮೂರೂ ಚರ್ಚಾಸ್ಪದವಾಗಿದ್ದವು. 1964ರ ‘ಕನ್ನಡ ಗ್ರಂಥಸಂಪಾದನೆ’ ಈ ಶಾಸ್ತ್ರವನ್ನೇ ಕನ್ನಡದಲ್ಲಿ ನೆಲೆಗೊಳಿಸಿತು. ಓಲೆಗರಿಯ ಲಿಪಿಕಾರನು ಸಮಾನಪದವೊಂದರಿಂದ ಕಣ್ಣು ಜಾರಿ ಒಂದು ಪಂಕ್ತಿಯನ್ನೇ ಬಿಡಬಹುದು. ಬಳಕೆ ತಪ್ಪಿದ ಱ, ೞ ಅಕ್ಷರಗಳ ಸ್ಥಾನದಲ್ಲಿ ರ, ಳ ಬರೆಯಬಹುದು. ಆಗ ಪ್ರಾಸ ಕೆಟ್ಟಿತೆಂದು ಕವಿಯನ್ನು ದೂರುವವನು ಲಿಪಿಕಾರನ ತಪ್ಪನ್ನು ಕವಿಯ ತಲೆಗೆ ಕಟ್ಟಿದಂತೆ. ಸಾವಿರ ವರ್ಷಗಳ ಹಿಂದಿನ ಗ್ರಂಥಕರ್ತೃ ಎದ್ದು ಬಂದು ಸಮಾಧಾನ ಹೇಳಲಾರ. ಅವನ ಪರವಾಗಿ ಪ್ರತಿಗಳನ್ನು ತಾಳೆ ನೋಡುವ ಹೊಣೆ ಓದುವವನದೇ.

ತೀ.ನಂ.ಶ್ರೀ. ಅವರು 1953ರಲ್ಲಿ ಪ್ರಕಟಿಸಿದ ‘ಭಾರತೀಯ ಕಾವ್ಯಮೀಮಾಂಸೆ’ ಅಲಂಕಾರ, ರೀತಿ, ರಸ, ಧ್ವನಿ, ಔಚಿತ್ಯಗಳ ವಿಚಾರವನ್ನು ಕನ್ನಡ ವಿದ್ಯಾರ್ಥಿಗಳ ಕೈಗೆಟುಕುವಂತೆ ಮಾಡಿತು. ಇಂಗ್ಲಿಷ್ ಸಾಹಿತ್ಯವನ್ನೂ ಬಲ್ಲ ವಿದ್ವಾಂಸರೊಬ್ಬರು ದೇಶೀಯ ಮಾನದಂಡವನ್ನು ಹೀಗೆ ಒದಗಿಸಿದುದರಿಂದ, ಹಳೆಯ ಕಾವ್ಯವನ್ನು ಅದು ಹುಟ್ಟಿದ ಪರಂಪರೆಯ ಪರಿಭಾಷೆಯಲ್ಲಿಯೇ ಅಳೆಯುವುದು ಸಾಧ್ಯವಾಯಿತು. ಆ ಶಾಸ್ತ್ರದ ಕೇಂದ್ರದಲ್ಲಿರುವ ಸಹೃದಯನು ಕವಿಗೆ ಸಮಾನವಾದ ಹೃದಯವುಳ್ಳವನು, ನ್ಯಾಯಾಧೀಶನಲ್ಲ. ಅವರ ಈ ಗುಣ ಕಿರಿಯರ ಬರಹಗಳಿಗೂ ದೊರೆಯಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಸಿದ್ಧವಾದುದು ಅವರ ಮಾರ್ಗದರ್ಶನದಲ್ಲಿ. ಸಿದ್ಧಗೊಂಡ ಪುಸ್ತಕವನ್ನು ವಿಮರ್ಶಿಸುವುದಕ್ಕಿಂತ ಸಿದ್ಧವಾಗುತ್ತಿರುವ ಬರಹವನ್ನು ತಿದ್ದುವುದು ಹೆಚ್ಚಿನ ತಾಳ್ಮೆ ಬೇಡುವ ಕೆಲಸ. ಅಲ್ಲಿ ಆಡಿದ ಮಾತು ಒಂದು ಕೃತಿಯನ್ನು ಬೆಳೆಸಬಲ್ಲದು, ಮೊಳಕೆಯಲ್ಲೇ ಮುರುಟಿಸಲೂಬಲ್ಲದು.

ಮೂವರ ಮಾರ್ಗಗಳನ್ನು ಒಟ್ಟಾಗಿ ನೋಡಿದರೆ ಒಂದು ಕ್ರಮ ಗೋಚರಿಸುತ್ತದೆ. ಮೊದಲು ಪಾಠದ ನಿಶ್ಚಯ, ಅನಂತರ ಕೃತಿಯ ಆಕರ, ಉದ್ದೇಶ, ಚೌಕಟ್ಟುಗಳ ಅರಿವು, ಆಮೇಲೆ ರಸಾಸ್ವಾದ, ಕಟ್ಟಕಡೆಗೆ ಬೆಲೆಗಟ್ಟುವಿಕೆ. ಈ ಕ್ರಮ ತಲೆಕೆಳಗಾದಾಗ ಅರೋಚಕಿಯೂ ಮತ್ಸರಿಯೂ ಸುಲಭವಾಗಿ ಹುಟ್ಟುತ್ತಾರೆ. ಪೂರ್ವಸೂರಿಗಳ ಅಭಿಪ್ರಾಯವನ್ನು ಖಂಡಿಸಬೇಕಾದ ಸಂಶೋಧಕನಿಗೂ ಇದೇ ನಿಯಮ. ರಾವಣನ ವಿಷಯದಲ್ಲಿ ಆದಂತೆ, ಹಿಂದಿನವರು ಕಂಡುದನ್ನು ಒಪ್ಪಿಕೊಂಡು ಕಾಣದುದನ್ನು ಸೇರಿಸಿದಾಗಲೇ ತಿದ್ದುಪಡಿ ಜ್ಞಾನವಾಗುತ್ತದೆ. ದೋಷವನ್ನು ತೋರಿಸಿ, ಅದರ ಪಕ್ಕದಲ್ಲಿಯೇ ತಿದ್ದಿದ ರೂಪವನ್ನೂ ಇರಿಸಿದ ‘ಕವಿರಾಜಮಾರ್ಗ’ದ ವಿಧಾನ ಇಂದಿಗೂ ಹಳೆಯದಾಗಿಲ್ಲ.