ಗೋಡೆಯ ಬೂಷ್ಟು: ತರಗತಿಯಲ್ಲಿ ಹೇಳದೆ ಉಳಿದ ಪಾಠ

ಒಂಬತ್ತನೆಯ ತರಗತಿಯಲ್ಲಿ ನೆಪೋಲಿಯನ್ನನ ಪಾಠ ಮುಗಿದ ದಿನ ಯಾರಾದರೊಬ್ಬರು ಎದ್ದು ನಿಂತು, "ಸಾರ್, ಇಂಗ್ಲಿಷರು ಅವನಿಗೆ ವಿಷ ಹಾಕಿ ಕೊಂದರಂತೆ, ನಿಜವೇ?" ಎಂದು ಕೇಳುವುದು ವಾಡಿಕೆಯಾಗಿತ್ತು. ನಾನು "ಇಲ್ಲ, ಹೊಟ್ಟೆಯ ಕ್ಯಾನ್ಸರ್" ಎಂದು ಚುಟುಕಾಗಿ ಹೇಳಿ ಪ್ರಶ್ನೋತ್ತರ ಬರೆಸಲು ತೊಡಗುತ್ತಿದ್ದೆ. ಉತ್ತರವೇನೂ ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಗೋಡೆಯ ಬೂಷ್ಟಿನ ಕಥೆಯೊಂದು ಅಂಟಿಕೊಂಡಿದೆ ಎಂಬುದು ನಿವೃತ್ತಿಯ ನಂತರದ ಓದಿನಲ್ಲಿ ತಿಳಿಯಿತು. ಮಳೆಗಾಲ ಬಂದಾಗಲೆಲ್ಲ ಅದು ನೆನಪಾಗುತ್ತದೆ.

1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ತಾಮ್ರ ಮತ್ತು ಆರ್ಸೆನಿಕ್ ಸೇರಿದ ಒಂದು ಹಸಿರು ಬಣ್ಣವನ್ನು ತಯಾರಿಸಿದನು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎಂದು ಕರೆಯುತ್ತಿದ್ದ ವಿಷ. ಬಣ್ಣವೋ ಬಲು ಚೆಲುವು, ಬೆಲೆಯೂ ಅಗ್ಗ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಉಡುಪು, ಕಾಗದದ ಹೂವು, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಗೆ ಅಂಟಿಸುವ ಚಿತ್ತಾರದ ಕಾಗದ, ಹೀಗೆ ಎಲ್ಲೆಲ್ಲಿಯೂ ಈ ಬಗೆಯ ಪಾಷಾಣದ ಹಸಿರೇ. ಆ ಕಾಗದವನ್ನು ಅಂಟಿಸುತ್ತಿದ್ದುದು ಹಿಟ್ಟಿನ ಸರಿಯಿಂದ. ಥಂಡಿ ಗೋಡೆ, ಹಿಟ್ಟು, ಕಾಗದ, ಈ ಮೂರೂ ಕೂಡಿದರೆ ಬೂಷ್ಟಿಗೆ ಇನ್ನೇನು ಬೇಕು?

1839ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲಿಯೋಪೋಲ್ಡ್ ಗ್ಮೆಲಿನ್, ಹಸಿರು ಕಾಗದ ಅಂಟಿಸಿದ ತೇವದ ಕೋಣೆಗಳಲ್ಲಿ ಇಲಿಯ ವಾಸನೆಯಂಥ ನಾತ ಬರುವುದನ್ನು ಗಮನಿಸಿ, ಅಂಥ ಕಾಗದವನ್ನು ಕಿತ್ತುಹಾಕಬೇಕೆಂದು ಎಚ್ಚರಿಸಿದನು. ಬಣ್ಣದ ವಿಷ ಗಾಳಿಗೆ ಸೇರುತ್ತಿರುವ ಬಗೆ ಮಾತ್ರ ಬಹುಕಾಲ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಿದವನು ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ. 1890ರ ದಶಕದಲ್ಲಿ ಅವನು ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಆರ್ಸೆನಿಕ್ ಬೆರೆಸಿ, ಅದರ ಮೇಲೆ ಬೂಷ್ಟು ಬೆಳೆಸಿದನು. ಬೆಳ್ಳುಳ್ಳಿಯ ವಾಸನೆಯ ಅನಿಲವೊಂದು ಹೊರಟಿತು. ಲೋಹದ ವಿಷವನ್ನು ತಿಂದು ಗಾಳಿಯಾಗಿ ಉಗುಳುವ ಜೀವಿ! ಆ ಅನಿಲ ಟ್ರೈಮೀಥೈಲ್ ಆರ್ಸೀನ್ ಎಂಬುದನ್ನು 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫ್ರೆಡರಿಕ್ ಚಾಲೆಂಜರ್ ನಿಶ್ಚಯಿಸಿದನು.

ಈಗ ನೆಪೋಲಿಯನ್. ಸೇಂಟ್ ಹೆಲೆನಾ ದ್ವೀಪದಲ್ಲಿ ಅವನನ್ನಿರಿಸಿದ್ದ ಲಾಂಗ್‌ವುಡ್ ಮನೆ ಸದಾ ಥಂಡಿ ಹಿಡಿದಿರುತ್ತಿತ್ತು; ಬೂಷ್ಟಿನ ಬಗ್ಗೆ ಅಲ್ಲಿದ್ದವರು ದೂರುತ್ತಲೇ ಇದ್ದರು. ಆ ಮನೆಯದೆನ್ನಲಾದ ಗೋಡೆಕಾಗದದ ಚೂರೊಂದನ್ನು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್ ಸಿಕ್ಕಿತೆಂದು 1982ರಲ್ಲಿ ಪ್ರಕಟವಾಯಿತು. ಅದು 1821ರಲ್ಲಿ ಅವನನ್ನು ಕೊಲ್ಲುವಷ್ಟಿರಲಿಲ್ಲ. ಮರಣೋತ್ತರ ಪರೀಕ್ಷೆಯ ಹೊಟ್ಟೆಯ ಕಾಯಿಲೆಯ ಮಾತೇ ಇಂದಿಗೂ ಗಟ್ಟಿ. ಆದರೂ ಪ್ರಶ್ನೆ ಕೇಳಿದ ಹುಡುಗರನ್ನು ನಾನು ಅಷ್ಟು ಬೇಗ ಕೂರಿಸಬಾರದಿತ್ತು.

ಕಥೆಗೆ ಇನ್ನೊಂದು ತಿರುವಿದೆ. ಗೋಸಿಯೊ ಕಂಡ ಅನಿಲ ಜನರು ಹೆದರಿದಷ್ಟು ವಿಷಕಾರಿಯಲ್ಲವೆಂದು 2005ರಲ್ಲಿ ವಿಜ್ಞಾನಿಗಳಿಬ್ಬರು ವಾದಿಸಿದರು. ಹಾಗಾದರೆ ಆ ಕೋಣೆಗಳಲ್ಲಿ ಮಲಗಿದವರು ಸೊರಗಿದ್ದೇಕೆ? ಉದುರುವ ಬಣ್ಣದ ಧೂಳು ಒಂದು ಕಾರಣವಿರಬಹುದು. ಆದರೆ ಎಲ್ಲರೂ ಬಣ್ಣವನ್ನೇ ದೂರಿ, ಥಂಡಿಯನ್ನೂ ಬೂಷ್ಟನ್ನೂ ಬರಿಯ ಸಾಕ್ಷಿಗಳೆಂದು ಬಿಟ್ಟುಬಿಟ್ಟರೇನೋ ಎಂಬುದು ನನ್ನ ಸಂಶಯ. ತೇವವಿರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಸೂಡಾನಿನಿಂದ ಬಂದ ಕುಟುಂಬವೊಂದು ಬಾಡಿಗೆಯ ಪುಟ್ಟ ಮನೆಯಲ್ಲಿತ್ತು. ಗೋಡೆಯ ಬೂಷ್ಟಿನ ಬಗ್ಗೆ ತಂದೆ 2017ರಲ್ಲಿಯೇ ದೂರಿತ್ತರು. ಅದರ ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಬಂತು. ಡಿಸೆಂಬರ್ 2020ರಲ್ಲಿ ಅವರ ಎರಡು ವರ್ಷದ ಮಗ ಅವಾಬ್ ಉಸಿರಾಟದ ತೊಂದರೆಯಿಂದ ತೀರಿಕೊಂಡನು. ಮನೆಯ ಬೂಷ್ಟಿನಲ್ಲಿ ದೀರ್ಘಕಾಲ ಇದ್ದುದೇ ಕಾರಣವೆಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ವಿಚಾರಣೆಯಲ್ಲಿ ಹೊರಬಂದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಮನೆ ಕೊಟ್ಟ ಸಂಸ್ಥೆಯವರು, ಈ ಜನ ಬಕೆಟ್ಟಿನಲ್ಲಿ ನೀರು ಹೊಯ್ದುಕೊಂಡು ಸ್ನಾನ ಮಾಡುವುದರಿಂದ ತೇವವಾಗುತ್ತದೆಂದು ಭಾವಿಸಿದ್ದರಂತೆ. ಆ ಊಹೆ ತಪ್ಪೆಂದು ಅವರೇ ಬಳಿಕ ಒಪ್ಪಿಕೊಂಡರು. ಆ ಮಗುವಿನ ಹೆಸರಿನ ಕಾನೂನು 27 ಅಕ್ಟೋಬರ್ 2025ರಿಂದ ಅಲ್ಲಿನ ಸಾಮಾಜಿಕ ವಸತಿಗಳಿಗೆ ಜಾರಿಗೆ ಬಂದಿದೆ. ಗಂಭೀರವಾದ ಥಂಡಿ, ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ತನಿಖೆ ಮಾಡಲೇಬೇಕು.

ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ತೀರ್ಥಹಳ್ಳಿ ಸೀಮೆಯ ನಮ್ಮ ಶಾಲೆ. ಜಡಿಮಳೆಯ ದಿನಗಳಲ್ಲಿ ಮುಗ್ಗಲು ವಾಸನೆಯ ಸಮವಸ್ತ್ರ ತೊಟ್ಟು, ಕೆಮ್ಮುತ್ತ ಬರುತ್ತಿದ್ದ ಹುಡುಗನೊಬ್ಬನಿದ್ದ. "ಬಟ್ಟೆ ಒಗೆಯಲು ನಿನಗೇನು ಕಷ್ಟ?" ಎಂದು ನಾನು ಎಲ್ಲರೆದುರು ಗದರಿದ್ದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಮುಂದೊಂದು ದಿನ ಜನಗಣತಿಯ ಕೆಲಸಕ್ಕೆ ಅವನ ಮನೆಗೆ ಹೋದೆ. ಹೆಂಚು ಒಡೆದು ನೀರಿಳಿದ ಗೋಡೆ ನೆಲದಿಂದ ಎದೆಮಟ್ಟಕ್ಕೆ ಕಪ್ಪಾಗಿತ್ತು. ಅವನ ತಾಯಿ ಒಗೆದ ಬಟ್ಟೆಗಳನ್ನು ಒಲೆಯ ಬಳಿ ಹರವಿದ್ದರು. "ಎಷ್ಟು ಒಗೆದರೂ ಒಣಗೂದಿಲ್ಲ ಮೇಷ್ಟ್ರೇ" ಎಂದರು. ನಾನು ನಮೂನೆ ತುಂಬಿಸಿಕೊಂಡು ಬಂದೆ. ಹುಡುಗನಿಗೆ ಏನನ್ನೂ ಹೇಳಲಿಲ್ಲ. ಅವನು ಇದನ್ನು ಓದುತ್ತಿದ್ದರೆ, ಅಂದು ಹೇಳಬೇಕಾಗಿದ್ದ ಮಾತನ್ನು ಇಂದು ಹೇಳುತ್ತೇನೆ: ತಪ್ಪು ನಿನ್ನದಾಗಿರಲಿಲ್ಲ ಮಗೂ.

ಮಳೆಗಾಲದಲ್ಲಿ ನಿಮ್ಮಲ್ಲಿ ಅನೇಕರು ಫೋನಿನಲ್ಲಿ ಕೇಳುವುದುಂಟು, ಬೂಷ್ಟಿಗೆ ಏನು ಹಚ್ಚಬೇಕು ಸಾರ್ ಎಂದು. ಮೊದಲು ಏನನ್ನೂ ಹಚ್ಚಬೇಡಿ. ನೀರು ಬರುವ ದಾರಿಯನ್ನು ಹುಡುಕಿ. ಒಡೆದ ಹೆಂಚು, ತಾರಸಿಯ ಬಿರುಕು, ಸ್ನಾನದ ಮನೆಯ ಗೋಡೆಯೊಳಗೆ ಸೋರುವ ಪೈಪು, ಕಿಟಕಿ ಮುಚ್ಚಿ ಅಡುಗೆ ಮಾಡಿದ ಹಬೆ, ಇವುಗಳಲ್ಲೊಂದು ಇದ್ದೇ ಇರುತ್ತದೆ. ಅದನ್ನು ಸರಿಪಡಿಸದೆ ಬಣ್ಣ ಬಳಿದರೆ ಮುಂದಿನ ಆಷಾಢಕ್ಕೆ ಮತ್ತೆ ಅಲ್ಲಿಯೇ ಮೂಡುತ್ತದೆ. ನೆನೆದ ವಸ್ತು ಒಂದೆರಡು ದಿನದೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯದು. ಮೂರಡಿ ಉದ್ದ, ಮೂರಡಿ ಅಗಲದಷ್ಟರೊಳಗಿನದನ್ನು ಸೋಪಿನ ನೀರಿನಲ್ಲಿ ನೀವೇ ಉಜ್ಜಿ ಒಣಗಿಸಬಹುದು. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಒಣಪೊರಕೆಯಿಂದ ಕೆರೆದರೆ ಅದರ ಧೂಳು ಮನೆಯೆಲ್ಲ ಹರಡುತ್ತದೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸುವ ಸಾಹಸ ಬೇಡವೇ ಬೇಡ, ಅದರಿಂದ ಕ್ಲೋರಿನ್ ಅನಿಲ ಹೊರಡುತ್ತದೆ. ಬೀರು, ಮಂಚಗಳನ್ನು ಗೋಡೆಯಿಂದ ಗೇಣುದ್ದ ದೂರವಿಡಿ. ಬೂಷ್ಟು ಒಳಗಿಳಿದ ಹಾಸಿಗೆಯನ್ನು ಆಸೆಪಡದೆ ಎಸೆಯಿರಿ. ಉಬ್ಬಸದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಕೆಲಸಕ್ಕೆ ಇಳಿಯಬಾರದು. ಬಾಡಿಗೆ ಮನೆಯವರು ಫೋಟೋ ತೆಗೆದು, ದೂರನ್ನು ದಿನಾಂಕ ಹಾಕಿ ಲಿಖಿತವಾಗಿ ಕೊಡಿ. ಮನೆಯನ್ನು ಬಾಡಿಗೆಗೆ ಕೊಟ್ಟಿರುವವರೂ ನಿಮ್ಮಲ್ಲಿದ್ದೀರಿ. ಬಾಡಿಗೆದಾರರು ಗೋಡೆ ತೋರಿಸಿದಾಗ ಸುಣ್ಣದವನಿಗಿಂತ ಮೊದಲು ಗಾರೆಯವನನ್ನು ಕರೆಸಿ.