ಸದ್ದಿಗೆ ಶ್ರುತಿ ಹಿಡಿದವರು



ನಮ್ಮ ನುಡಿಯಲ್ಲಿ ನಾದಕ್ಕೆ ಇರುವ ಮರ್ಯಾದೆ ಸದ್ದಿಗೆ ಇಲ್ಲ. ನಾದವನ್ನು ಉಪಾಸನೆ ಮಾಡುವವರುಂಟು. ಸದ್ದನ್ನಾದರೋ ಅಡಗಿಸುವವರೇ ಎಲ್ಲರೂ. ಉಪಾಧ್ಯಾಯರು ತರಗತಿಯನ್ನು ಹೊಕ್ಕೊಡನೆ ಮೇಜನ್ನು ಕುಟ್ಟಿ ‘ಸದ್ದು!’ ಎನ್ನುತ್ತಾರೆ. ಗದ್ದಲಕ್ಕೂ ಅದೇ ಹೆಸರು, ಗದ್ದಲ ಕೂಡದೆಂಬ ಆಜ್ಞೆಗೂ ಅದೇ ಹೆಸರು. ನಾವು ಸದ್ದನ್ನು ಹೆಸರಿಸುವುದೇ ಅದನ್ನು ನಿಲ್ಲಿಸುವುದಕ್ಕಾಗಿ ಎಂದು ಇದರಿಂದ ತೋರುತ್ತದೆ.

ವಾದ್ಯಗಳ ಚರಿತ್ರೆಯೂ ಬಹುಮಟ್ಟಿಗೆ ಇದೇ ಮಾತನ್ನು ಹೇಳುತ್ತದೆ. ಮೃದಂಗದ ಬಲಗಡೆಯ ಚರ್ಮದ ನಡುವೆ ಕರಿಯ ಕರಣೆಯನ್ನು ಮೆತ್ತಿರುವುದನ್ನು ನೀವೆಲ್ಲ ನೋಡಿದ್ದೀರಿ. ಬರಿಯ ಚರ್ಮವನ್ನು ಬಡಿದಾಗ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಅವು ಪರಸ್ಪರ ಸಂವಾದಕ್ಕೆ ಬರುತ್ತವೆ. ಇದನ್ನು ಸಿ. ವಿ. ರಾಮನ್ನರು 1920ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಶಾಸ್ತ್ರೀಯವಾಗಿ ತೋರಿಸಿಕೊಟ್ಟರು. ಹೆಸರಿಲ್ಲದ ಯಾವ ಕುಶಲಕರ್ಮಿಯೋ ಎಷ್ಟೋ ಶತಮಾನಗಳ ಹಿಂದೆ ಸದ್ದನ್ನು ಹೊರದೂಡಿ ನಾದವನ್ನು ಉಳಿಸಿಕೊಳ್ಳುವ ಉಪಾಯವನ್ನು ಕಂಡುಕೊಂಡಿದ್ದನು.

ರಾಮನ್ನರು ಈ ಪರೀಕ್ಷೆಯಲ್ಲಿ ತೊಡಗುವುದಕ್ಕೆ ಕೆಲವೇ ವರ್ಷಗಳ ಮುಂಚೆ, ಇಟಲಿಯ ಮಿಲಾನ್ ನಗರದಲ್ಲಿ ಒಬ್ಬನು ಇದಕ್ಕೆ ತೀರ ಎದುರಾದ ಕೆಲಸಕ್ಕೆ ಕೈಹಾಕಿದ್ದನು. ಸದ್ದನ್ನು ಕಳೆಯುವ ವಾದ್ಯ ಅವನಿಗೆ ಬೇಕಾಗಿರಲಿಲ್ಲ. ಸದ್ದನ್ನೇ ನುಡಿಸುವ ವಾದ್ಯ ಬೇಕಾಗಿತ್ತು. ಅವನ ಹೆಸರು ಲೂಯಿಜಿ ರುಸ್ಸೊಲೊ. ಅವನಿಂದ ಮೊದಲಾದ ಒಂದು ಪರಂಪರೆಯ ಉಪಕರಣಗಳನ್ನು ಕುರಿತು, ಆ ಉಪಕರಣಗಳು ನಮ್ಮ ಮುಂದೆ ಇಡುವ ಒಂದು ಪ್ರಶ್ನೆಯನ್ನು ಕುರಿತು, ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ರುಸ್ಸೊಲೊ 1885ರಲ್ಲಿ ವೆನಿಸ್ಸಿಗೆ ಸಮೀಪದ ಪೋರ್ತೊಗ್ರುವಾರೊ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು, ಗಡಿಯಾರದ ಕೆಲಸವನ್ನೂ ಬಲ್ಲವನು. ಸೋದರರು ಸಂಗೀತಗಾರರಾದರು; ಈತ ಚಿತ್ರಕಾರನಾದ. 1909ರಲ್ಲಿ ಕವಿ ಮರಿನೆತ್ತಿಯು ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಭವಿಷ್ಯವಾದದ ಘೋಷಣಾಪತ್ರವನ್ನು ಪ್ರಕಟಿಸಿ, ಯಂತ್ರವನ್ನೂ ವೇಗವನ್ನೂ ಯುದ್ಧವನ್ನೂ ಹಾಡಿ ಹೊಗಳಿದ್ದನಷ್ಟೆ. ಆ ಬಳಗವನ್ನು ಸೇರಿದ ರುಸ್ಸೊಲೊ, 1913ನೆಯ ಮಾರ್ಚ್ 11ರಂದು ಸಂಗೀತ ರಚನಕಾರನಾದ ಗೆಳೆಯ ಪ್ರತೆಲ್ಲನಿಗೆ ಒಂದು ಪತ್ರವನ್ನು ಬರೆದನು. ‘ಸದ್ದುಗಳ ಕಲೆ’ ಎಂಬುದು ಅದರ ತಲೆಬರಹ. ಪ್ರಾಚೀನರ ಬಾಳು ಮೌನದ ಬಾಳು. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದೊಡನೆ ಸದ್ದು ಹುಟ್ಟಿತು. ಈಗ ಮನುಷ್ಯನ ಕಿವಿ ಬದಲಾಗಿದೆ, ವಾದ್ಯಮೇಳದ ನಾಲ್ಕಾರು ಬಗೆಯ ದನಿಗಳು ಅದಕ್ಕೆ ಸಾಲವು — ಇದು ಅವನ ವಾದದ ತಿರುಳು.

ಆ ಪತ್ರದಲ್ಲಿ ಅವನು ಸದ್ದುಗಳನ್ನು ಆರು ವರ್ಗಗಳಾಗಿ ವಿಂಗಡಿಸುತ್ತಾನೆ. ಗುಡುಗು, ಆರ್ಭಟ, ಸ್ಫೋಟಗಳದು ಮೊದಲನೆಯ ವರ್ಗ. ಸಿಳ್ಳು, ಬುಸುಗುಟ್ಟುವಿಕೆಗಳದು ಎರಡನೆಯದು. ಪಿಸುಮಾತು, ಗೊಣಗಾಟ, ಗುಳುಗುಳು ಸದ್ದುಗಳು ಮೂರನೆಯದು. ಕಿರುಗುಟ್ಟುವುದು, ಚಿಟಪಟಗುಟ್ಟುವುದು, ಸರಸರ ಸರಿಯುವುದು, ಗುಂಯ್ಗುಡುವುದು ನಾಲ್ಕನೆಯದು. ಲೋಹ, ಮರ, ಚರ್ಮ, ಕಲ್ಲು, ಸುಟ್ಟ ಮಣ್ಣುಗಳನ್ನು ಬಡಿದಾಗ ಏಳುವ ಸದ್ದು ಐದನೆಯದು. ಪ್ರಾಣಿಗಳ ಹಾಗೂ ಮನುಷ್ಯರ ಕೂಗು, ನರಳು, ಊಳು, ನಗು, ಬಿಕ್ಕುಗಳು ಆರನೆಯದು. ಕನ್ನಡದ ಓದುಗನಿಗೆ ಈ ಪಟ್ಟಿ ಅಪರಿಚಿತವೆನಿಸದು. ನಮ್ಮ ವೈಯಾಕರಣರು ಅನುಕರಣ ಶಬ್ದಗಳಿಗೆ ವ್ಯಾಕರಣದಲ್ಲಿಯೇ ಸ್ಥಾನವನ್ನು ಕೊಟ್ಟವರು. ಸಂಗೀತಶಾಸ್ತ್ರ ಹೊರಗಿಟ್ಟ ಸದ್ದುಗಳನ್ನು ಭಾಷೆ ಎಂದೋ ಒಳಗೆ ಬಿಟ್ಟುಕೊಂಡಿತ್ತು.

ಪತ್ರ ಬರೆದು ಸುಮ್ಮನಾಗಿದ್ದರೆ ರುಸ್ಸೊಲೊ ಮತ್ತೊಬ್ಬ ಘೋಷಣಾಕಾರನಾಗಿ ಉಳಿಯುತ್ತಿದ್ದನು. ಅವನು ಹಾಗೆ ಮಾಡಲಿಲ್ಲ. ಉಗೊ ಪಿಯಾತ್ತಿ ಎಂಬ ಚಿತ್ರಕಾರ ಮಿತ್ರನೊಡಗೂಡಿ ವಾದ್ಯಗಳನ್ನು ಕಟ್ಟತೊಡಗಿದನು. ಅವುಗಳಿಗೆ ಅವನಿಟ್ಟ ಹೆಸರು ‘ಇಂತೊನರುಮೊರಿ’. ಸದ್ದಿಗೆ ಶ್ರುತಿಗೂಡಿಸುವ ಯಂತ್ರಗಳು ಎಂದು ಇದನ್ನು ನಾವು ತಿಳಿಯಬಹುದು. ನೋಡುವುದಕ್ಕೆ ಅದೊಂದು ಮರದ ಪೆಟ್ಟಿಗೆ. ಮುಂದೆ ಹಳೆಯ ಗ್ರಾಮಫೋನಿನದರಂತಹ ದೊಡ್ಡ ಕಹಳೆ. ಹಿಂದೆ ತಿರುಗಿಸುವ ಹಿಡಿ, ಕೆಲವಕ್ಕೆ ವಿದ್ಯುತ್ತಿನ ಗುಂಡಿ. ಪೆಟ್ಟಿಗೆಯೊಳಗೆ ಒಂದು ಚಕ್ರ. ಅದು ತಿರುಗುತ್ತ, ನರದ ಅಥವಾ ಲೋಹದ ಒಂದು ತಂತಿಯನ್ನು ಉಜ್ಜುತ್ತದೆ. ತಂತಿಯ ಒಂದು ತುದಿಯನ್ನು ಬಿಗಿದ ಪೊರೆಯೊಂದಕ್ಕೆ ಕಟ್ಟಿರುತ್ತದೆ. ತಂತಿಯ ನಡುಕ ಪೊರೆಗೆ ಇಳಿದು, ಪೊರೆಯಿಂದ ಕಹಳೆಗೆ ಹಾಯ್ದು ಹೊರಬರುತ್ತದೆ. ಚರ್ಮಕ್ಕೆ ತಂತಿಯನ್ನು ಕಟ್ಟಿ ಮಿಡಿಯುವ ನಮ್ಮ ಚೌಡಿಕೆಯನ್ನು ಬಲ್ಲವರಿಗೆ ಇದರ ಮೂಲತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಕ್ರದ ಅಂಚು ನಯವಾಗಿದ್ದರೆ ಒಂದು ಸದ್ದು, ಹಲ್ಲುಹಲ್ಲಾಗಿದ್ದರೆ ಇನ್ನೊಂದು. ಹೀಗೆ ಊಳಿಡುವ ಪೆಟ್ಟಿಗೆ, ಮೊರೆಯುವ ಪೆಟ್ಟಿಗೆ, ಚಿಟಿಚಿಟಿಗುಟ್ಟುವುದು, ಉಜ್ಜುವುದು, ಸಿಡಿಯುವುದು, ಗುಳುಗುಳಿಸುವುದು, ಗುಂಯ್ಗುಡುವುದು, ಸುಯ್ಗುಡುವುದು ಎಂದು ಅದರದರ ಸದ್ದಿಗೆ ತಕ್ಕ ಹೆಸರು.

ಇಷ್ಟೇ ಆಗಿದ್ದರೆ ಅವು ಜಾತ್ರೆಯ ಗಿಲಕಿಗಿಂತ ಮೇಲೆನಿಸುತ್ತಿರಲಿಲ್ಲ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಅಳತೆಯ ಗೆರೆಗಳನ್ನು ಕೊರೆದ ಒಂದು ಪಟ್ಟಿ, ಅದರ ಮೇಲೆ ಸರಿಯುವ ಒಂದು ಸನ್ನೆಗೋಲು. ಕೋಲನ್ನು ಸರಿಸಿದಂತೆ ತಂತಿಯ ಬಿಗಿ ಬದಲಾಗಿ, ಸದ್ದಿನ ಶ್ರುತಿ ಏರುತ್ತಿತ್ತು, ಇಳಿಯುತ್ತಿತ್ತು. ಪಿಯಾನೋದ ಮೆಟ್ಟಿಲು ಮೆಟ್ಟಿಲಿನ ಏರಿಕೆಯಲ್ಲ ಅದು. ಸ್ವರದಿಂದ ಸ್ವರಕ್ಕೆ ಸಂದಿಲ್ಲದೆ ಜಾರುವ ಏರಿಕೆ. ಗಮಕವನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಇದರಲ್ಲಿ ಅಚ್ಚರಿಯಿಲ್ಲ. ಹನ್ನೆರಡು ಕಟ್ಟೆಗಳ ನಡುವೆ ಸ್ವರವನ್ನು ಕಟ್ಟಿಹಾಕಿದ್ದ ಯೂರೋಪಿಗೆ ಅದು ದೊಡ್ಡ ಬಿಡುಗಡೆಯಾಗಿತ್ತು. ಈ ಜಾರುವಿಕೆಯನ್ನು ಬರೆಯಲು ರುಸ್ಸೊಲೊ ಸ್ವರಚಿಹ್ನೆಗಳ ಬದಲು ಉದ್ದುದ್ದನೆಯ ಗೆರೆಗಳನ್ನು ಬಳಸಿದನು. ಇಡೀ ವಾದ್ಯದ ಜೀವವಿದ್ದುದು ಆ ಸನ್ನೆಗೋಲಿನಲ್ಲಿ ಎಂಬುದು ನನ್ನ ತಿಳಿವಳಿಕೆ. ಸದ್ದು ಎಲ್ಲೆಲ್ಲಿಯೂ ಉಂಟು. ಅದನ್ನು ಬೇಕೆಂದಾಗ ಎಬ್ಬಿಸಿ, ಬೇಕಾದಷ್ಟು ಬಗ್ಗಿಸಿ, ಸಾಕೆಂದಾಗ ನಿಲ್ಲಿಸುವ ಕೈ ಮಾತ್ರ ಹೊಸದು.

1913ರ ಜೂನ್ 2ರಂದು ಮೋದೆನಾ ಪಟ್ಟಣದ ರಂಗಮಂದಿರವೊಂದರಲ್ಲಿ ಸಿಡಿಯುವ ಪೆಟ್ಟಿಗೆಯ ಮೊದಲ ಪ್ರದರ್ಶನ ನಡೆಯಿತು. ಮರುವರ್ಷ ಏಪ್ರಿಲ್ 21ರಂದು ಮಿಲಾನಿನ ದಾಲ್ ವೆರ್ಮೆ ರಂಗಮಂದಿರದಲ್ಲಿ 18 ಪೆಟ್ಟಿಗೆಗಳ ಮೇಳ. ‘ನಗರದ ಎಚ್ಚರ’ ಎಂಬುದು ಅಂದಿನ ಕೃತಿಗಳಲ್ಲೊಂದು. ಸಭಿಕರು ಕೂಗಿದರು, ಸಿಳ್ಳು ಹಾಕಿದರು; ಭವಿಷ್ಯವಾದಿಗಳು ಕೆಳಗಿಳಿದು ಅವರೊಡನೆ ಕೈಕೈ ಮಿಲಾಯಿಸಿದರು. ವೇದಿಕೆಯ ಮೇಲಿನದು ಕಲೆ, ಕೆಳಗಿನದು ಗದ್ದಲ ಎಂದು ಆ ರಾತ್ರಿ ಗೆರೆ ಎಳೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಜೂನ್ ತಿಂಗಳಿನಲ್ಲಿ ಲಂಡನ್ನಿನ ಕೊಲಿಸಿಯಮ್ಮಿನಲ್ಲಿಯೂ ಪ್ರದರ್ಶನಗಳಾದವು. ಅಷ್ಟರಲ್ಲಿ ಜುಲೈ ಮುಗಿಯುವ ಹೊತ್ತಿಗೆ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ರುಸ್ಸೊಲೊನ ಪತ್ರದೊಳಗೆ ಮರಿನೆತ್ತಿಯದೊಂದು ಬರಹ ಅಡಕವಾಗಿದೆ. 1912ರ ಬಾಲ್ಕನ್ ಯುದ್ಧದಲ್ಲಿ ಆಡ್ರಿಯಾನೋಪಲ್ ಮುತ್ತಿಗೆಯ ಫಿರಂಗಿಗಳ ಸದ್ದನ್ನು ಅವನು ಅದರಲ್ಲಿ ವಾದ್ಯಮೇಳವೆಂಬಂತೆ ಆಸ್ವಾದಿಸುತ್ತಾನೆ. 1916ರಲ್ಲಿ ರುಸ್ಸೊಲೊ ತನ್ನ ವಿಚಾರಗಳನ್ನು ಪುಸ್ತಕವಾಗಿ ಹೊರತಂದಾಗ ಯುದ್ಧದ ಸದ್ದುಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ರಣರಂಗದಲ್ಲಿ ಕಣ್ಣಿಗಿಂತ ಕಿವಿ ಹೆಚ್ಚು. ಹಾರಿಬರುವ ಗುಂಡಿನ ಸಿಳ್ಳು ಶ್ರುತಿಯಿಂದ ಶ್ರುತಿಗೆ ಹೇಗೆ ಜಾರುತ್ತದೆಂದು ಕೇಳಿ ಅದು ಯಾವ ಬಗೆಯ ಗುಂಡೆಂದು ಹೇಳಬಹುದು ಎನ್ನುತ್ತಾನೆ. ಬರಹ ಸೂಕ್ಷ್ಮವಾದದ್ದು, ಕಿವಿ ಪಳಗಿದ್ದು. ಆದರೆ ಆ ಗುಂಡು ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಸೈನ್ಯವನ್ನು ಸೇರಿದ್ದ ರುಸ್ಸೊಲೊನಿಗೆ 1917ರ ಡಿಸೆಂಬರಿನಲ್ಲಿ ತಲೆಗೆ ಬಲವಾದ ಗಾಯವಾಯಿತು. ಬಹುಕಾಲ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡನು. ರಂಗಮಂದಿರದಲ್ಲಿ ಸನ್ನೆಗೋಲು ಅವನ ಕೈಯಲ್ಲಿತ್ತು. ಕಂದಕದಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ.

ಯುದ್ಧಾನಂತರ 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೂರು ಕಚೇರಿಗಳಾದವು. ಹಲವು ಪೆಟ್ಟಿಗೆಗಳ ಸದ್ದನ್ನು ಒಂದರಲ್ಲಿಯೇ ಕೂಡಿಸಿದ ಒಂದು ಬಗೆಯ ಹಾರ್ಮೋನಿಯಮ್ಮನ್ನೂ ಅವನು ರಚಿಸಿದನು. ಕಾಲ ಮಾತ್ರ ಅವನ ಕಡೆಗಿರಲಿಲ್ಲ. 1947ರಲ್ಲಿ ಅವನು ತೀರಿಕೊಂಡನು. ಅವನು ಕಟ್ಟಿದ ವಾದ್ಯಗಳಲ್ಲಿ ಒಂದೂ ಇಂದು ಉಳಿದಿಲ್ಲ. ಸೋದರ ಅಂತೋನಿಯೊನ ರಚನೆಗಳ ಒಂದು ಧ್ವನಿಮುದ್ರಿಕೆ, ‘ನಗರದ ಎಚ್ಚರ’ದ ಲಿಪಿಯ ಒಂದೆರಡು ಪುಟ, ಕೆಲವು ಛಾಯಾಚಿತ್ರಗಳು, ಮತ್ತು ಅವನ ಪುಸ್ತಕ: ಉಳಿದದ್ದು ಇಷ್ಟೆ. ಇವುಗಳನ್ನೇ ಆಧಾರವಾಗಿಟ್ಟುಕೊಂಡು ವಿದ್ವಾಂಸರು ಮರುನಿರ್ಮಾಣಕ್ಕೆ ತೊಡಗಿದರು. 2009ರಲ್ಲಿ ಲೂಚಾನೊ ಕೆಸ್ಸಾ ಎಂಬವರು ನ್ಯೂಯಾರ್ಕಿನ ಉತ್ಸವವೊಂದಕ್ಕಾಗಿ ಇಂಥ 16 ಪೆಟ್ಟಿಗೆಗಳನ್ನು ಮತ್ತೆ ಕಟ್ಟಿಸಿದರು. ಲೋಕವನ್ನೆಲ್ಲ ಸದ್ದಿನಿಂದ ತುಂಬಬೇಕೆಂದವನ ಕಲೆ ಕೊನೆಗೆ ಬದುಕಿದ್ದು ಕಾಗದದ ಮೇಲಿನ ಮಾತುಗಳಲ್ಲಿ.

ಸದ್ದು ಹುಟ್ಟಿದೊಡನೆ ಸಾಯುತ್ತದೆ ಎಂಬ ಈ ಕೊರತೆಯನ್ನು ನೀಗಿದ್ದು ಧ್ವನಿಮುದ್ರಣ. 1944ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಹಲೀಮ್ ಎಲ್-ದಾಬ್ ಎಂಬ ತರುಣನು ಬಾನುಲಿ ಕೇಂದ್ರದ ತಂತಿಯ ಮುದ್ರಣಯಂತ್ರವನ್ನು ಪಡೆದು, ಹೆಂಗಸರು ನಡೆಸುವ ‘ಜಾರ್’ ಎಂಬ ರೋಗಶಮನದ ಆಚರಣೆಯ ಹಾಡನ್ನು ಹಿಡಿದನು. ಆಮೇಲೆ ಅದನ್ನು ಪ್ರತಿಧ್ವನಿಯ ಕೋಣೆಯಲ್ಲಿ ಹಾಯಿಸಿ, ಮಾತು ಕರಗಿ ಗುಂಜಾರವ ಮಾತ್ರ ಉಳಿಯುವಂತೆ ಮಾಡಿದನು. ನಾಲ್ಕು ವರ್ಷಗಳ ಬಳಿಕ ಫ್ರಾನ್ಸಿನ ಬಾನುಲಿಯಲ್ಲಿ ಎಂಜಿನಿಯರನಾಗಿದ್ದ ಪಿಯೆರ್ ಶೆಫೇರ್, ಪ್ಯಾರಿಸ್ಸಿನ ಬಾತಿನ್ಯೋಲ್ ನಿಲ್ದಾಣದ ರೈಲುಗಳ ಸದ್ದನ್ನು ಮುದ್ರಿಸಿಕೊಂಡು ಒಂದು ರಚನೆಯನ್ನು ಮಾಡಿದನು. 1948ರ ಅಕ್ಟೋಬರ್ 5ರಂದು ‘ಸದ್ದುಗಳ ಕಚೇರಿ’ ಎಂಬ ಹೆಸರಿನಲ್ಲಿ ಅದೂ ಅದರ ಜೊತೆಯವೂ ಪ್ರಸಾರವಾದವು. ಈ ಕಲೆಯ ಎರಡನೆಯ ಜನ್ಮವಾದದ್ದು ಬಾನುಲಿಯಲ್ಲಿ ಎಂಬುದು, ಬಾನುಲಿಯಲ್ಲಿಯೇ ಮಾತಾಡುತ್ತಿರುವ ನನಗೆ ಸಂತೋಷದ ಸಂಗತಿ.

ಶೆಫೇರನ ಉಪಾಯಗಳು ಸರಳವಾದವು. ಗ್ರಾಮಫೋನ್ ತಟ್ಟೆಯ ಗೀರು ಸುರುಳಿಯಾಗಿ ಒಳಕ್ಕೆ ಸಾಗುತ್ತದಷ್ಟೆ. ಅದನ್ನು ಒಂದು ಸುತ್ತಿಗೆ ಮುಚ್ಚಿಬಿಟ್ಟರೆ ಮುಳ್ಳು ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತದೆ. ಹತ್ತು ಸಲ ಕೇಳುವಷ್ಟರಲ್ಲಿ ರೈಲು ಮರೆತುಹೋಗಿ ಲಯವೊಂದೇ ಉಳಿಯುತ್ತದೆ. ಇನ್ನೊಂದು ಉಪಾಯ ಗಂಟೆಯದು. ಗಂಟೆಗೆ ಪೆಟ್ಟು ಬೀಳುವ ಮೊದಲ ಕ್ಷಣವನ್ನು ಕತ್ತರಿಸಿ ಉಳಿದ ಮೊರೆತವನ್ನಷ್ಟೇ ಕೇಳಿಸಿದರೆ ಅದು ಗಂಟೆಯೆಂದು ಹೇಳಲಾಗದು. ಊದುವ ವಾದ್ಯವೆಂದು ಭ್ರಮೆಯಾಗುತ್ತದೆ. ಹುಟ್ಟಿದ ತಾವನ್ನು ಕಳಚಿಕೊಂಡ ಇಂಥ ಸದ್ದನ್ನು ಶೆಫೇರ್ ‘ಶಬ್ದವಸ್ತು’ ಎಂದು ಕರೆದನು. ಇದನ್ನು ಓದಿದಾಗಲೆಲ್ಲ ನನಗೆ ಕೇಶಿರಾಜನ ನೆನಪಾಗುತ್ತದೆ. ಹದಿಮೂರನೆಯ ಶತಮಾನದ ನಮ್ಮ ವೈಯಾಕರಣ, ಜೈನದರ್ಶನಕ್ಕನುಗುಣವಾಗಿ, ಶಬ್ದವನ್ನು ದ್ರವ್ಯವೆಂದೇ ಬಗೆದು ಅದರ ಬಣ್ಣ ಬಿಳಿಯೆಂದನು. ಆ ಮಾತು ತತ್ತ್ವದ್ದು, ಈ ಮಾತು ಪ್ರಯೋಗಶಾಲೆಯದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳಲಾರೆ. ಆದರೆ ಶಬ್ದ ಕೈಗೆ ಸಿಗುವ ವಸ್ತುವೆಂದು ಬಗೆದ ಮನಸ್ಸಿಗೆ ಮಾತ್ರ ಅದನ್ನು ಕತ್ತರಿಸುವ, ಹೊಲಿಯುವ ಯೋಚನೆ ಹೊಳೆದೀತು.

ಮೂರನೆಯ ಹೆಜ್ಜೆ ಜಪಾನಿನದು. ಸಭೆಗಳಲ್ಲಿ ಧ್ವನಿವರ್ಧಕ ಇದ್ದಕ್ಕಿದ್ದಂತೆ ಕೀ ಎಂದು ಚೀರುವುದನ್ನು ನೀವು ಕೇಳಿದ್ದೀರಿ. ವರ್ಧಕದಿಂದ ಹೊರಟ ಸದ್ದನ್ನು ಮೈಕು ಮತ್ತೆ ಹಿಡಿದು ವರ್ಧಕಕ್ಕೇ ಕಳುಹಿಸುವುದರಿಂದ ಆಗುವ ಚೀರಾಟ ಅದು. ನಮಗೆ ಅದು ದೋಷ. 1979ರಲ್ಲಿ ಟೋಕಿಯೋದಲ್ಲಿ ‘ಮೆರ್ಜ್‌ಬೌ’ ಎಂಬ ಹೆಸರಿನಲ್ಲಿ ಕೆಲಸಕ್ಕೆ ತೊಡಗಿದ ಮಸಾಮಿ ಅಕಿತಾ ಎಂಬವರಿಗೆ ಅದೇ ಬಂಡವಾಳ. ತಗಡಿನ ಚೂರಿಗೆ ಪುಟ್ಟ ಮೈಕನ್ನು ಅಂಟಿಸಿ, ತಂತಿಯನ್ನು ಬಿಗಿದು, ಕೆರೆದು, ಬಂದ ಸದ್ದನ್ನು ಅನೇಕ ಉಪಕರಣಗಳ ಮೂಲಕ ಹಾಯಿಸಿ ಗೋಡೆಯಂತೆ ನಿಲ್ಲಿಸುವುದು ಅವರ ರೀತಿ. ತೊಷಿಮಾರು ನಾಕಾಮುರಾ ಎಂಬ ಇನ್ನೊಬ್ಬರು, ಹಲವು ದನಿಗಳನ್ನು ಬೆರೆಸಲೆಂದಿರುವ ಮಿಕ್ಸರ್ ಯಂತ್ರಕ್ಕೆ ಹೊರಗಿನ ಯಾವ ದನಿಯನ್ನೂ ಕೊಡದೆ, ಅದರ ಬಾಯನ್ನು ಅದರ ಕಿವಿಗೇ ಜೋಡಿಸಿ, ಹುಟ್ಟುವ ಸದ್ದನ್ನು ಗುಂಡಿಗಳಿಂದ ನಯವಾಗಿ ತಿದ್ದುತ್ತ ನುಡಿಸಿದರು. ಇಲ್ಲಿಯೂ ಕಡೆಗೆ ಕಾಣುವುದು ರುಸ್ಸೊಲೊನ ಸನ್ನೆಗೋಲೇ: ಹೆಚ್ಚಿಸುವ, ತಗ್ಗಿಸುವ, ನಿಲ್ಲಿಸುವ ಬೆರಳು.

ಈ ಚರಿತ್ರೆಗೆ ಭಾರತದ ಸಂಬಂಧವೂ ಒಂದುಂಟು. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ಅವರು ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಅಮೆರಿಕದ ರಚನಕಾರನಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತು, ಬದಲಿಗೆ ಅವನಿಗೆ ನಮ್ಮ ಸಂಗೀತವನ್ನು ತಿಳಿಸಿಕೊಟ್ಟರು. 1939ರಲ್ಲಿಯೇ ಗ್ರಾಮಫೋನ್ ಯಂತ್ರಗಳನ್ನು ವಾದ್ಯವಾಗಿ ಬಳಸಿದ್ದ ಕೇಜ್, ಸಂಗೀತದ ಪ್ರಯೋಜನವೇನೆಂದು ಆಕೆಯನ್ನು ಕೇಳಿದನು. ಮನಸ್ಸನ್ನು ಶಾಂತಗೊಳಿಸುವುದೇ ಅದರ ಪ್ರಯೋಜನವೆಂದು ತಮ್ಮ ಗುರುಗಳು ಹೇಳಿದ್ದನ್ನು ಆಕೆ ತಿಳಿಸಿದರು. ಆ ಮಾತನ್ನು ಕೇಜ್ ಬಾಳುದ್ದಕ್ಕೂ ನೆನೆದನು. 1952ರಲ್ಲಿ ಅವನು ರಚಿಸಿದ ಕೃತಿಯಲ್ಲಿ ವಾದಕನು ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಏನನ್ನೂ ನುಡಿಸುವುದಿಲ್ಲ. ಸುತ್ತಣ ಸದ್ದುಗಳನ್ನು ಸಭೆ ಕೇಳುತ್ತದೆ. ಅದನ್ನು ಮೊದಲು ‘ನುಡಿಸಿದ’ ಡೇವಿಡ್ ಟ್ಯೂಡರ್ ಮುಂದೆ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಎಂಬ ವಿದ್ಯುತ್ ವಾದ್ಯವನ್ನು ಸ್ಥಾಪಿಸಲು ನೆರವಾದನು.

ಸದ್ದಿನ ಹಾದಿ ಹಿಡಿದು ಹೊರಟವನು ಶಾಂತಿಯ ಬಾಗಿಲಿಗೆ ಬಂದದ್ದು ವಿಚಿತ್ರವಾಗಿ ಕಾಣಬಹುದು. ನನಗೆ ಹಾಗೆ ತೋರುವುದಿಲ್ಲ. ಸದ್ದನ್ನು ನುಡಿಸಬೇಕಾದವನು ಮೊದಲು ಅದನ್ನು ಕೇಳಬೇಕು, ಕೇಳಬೇಕಾದವನು ಸುಮ್ಮನಾಗಬೇಕು. ರುಸ್ಸೊಲೊ ಕೇಳುವುದನ್ನು ಬಲ್ಲವನೇ. ಅವನ ಗುಂಪು ಮರೆತದ್ದು ಒಂದೇ: ತಾನು ಆರಿಸಿಕೊಂಡ ಸದ್ದು ಬೇರೆ, ತನ್ನ ಮೇಲೆ ಬಂದೆರಗುವ ಸದ್ದು ಬೇರೆ. ರಂಗಮಂದಿರದ ಸ್ಫೋಟದಿಂದ ಬೇಸತ್ತವನು ಎದ್ದು ಹೋಗಬಹುದು. ಮುತ್ತಿಗೆಗೆ ಸಿಕ್ಕ ಊರಿನವರಿಗೆ ಎದ್ದು ಹೋಗುವ ದಾರಿಯಿಲ್ಲ. ಮೊದಲನೆಯದನ್ನು ಕಲೆಯೆಂದು ಒಪ್ಪಲು ನಾನು ಸಿದ್ಧ, ನನ್ನ ಕಿವಿಗೆ ಅದು ಎಷ್ಟು ಕಠೋರವಾದರೂ ಸರಿಯೆ. ಎರಡನೆಯದನ್ನು ಸಂಗೀತವೆಂದು ಕರೆಯುವುದು ಕಿವಿಯ ಸೂಕ್ಷ್ಮತೆಯಲ್ಲ, ಹೃದಯದ ಕಿವುಡು. ಎಷ್ಟು ಕರ್ಕಶವಾದ ಸದ್ದನ್ನಾದರೂ ವಾದ್ಯವಾಗಿಸಬಹುದು. ಕೇಳುವವನಿಗೆ ಸಾಕೆನ್ನುವ ಹಕ್ಕೊಂದು ಉಳಿದಿರಬೇಕು.