ಕಣ್ಣಿನ ವೈರಸ್ ಸೋಂಕಿಗೆ ಬೆಳಕೇ ಮದ್ದೇ?

ಬಿಸಿಲನ್ನು ದಿಟ್ಟಿಸಿದರೆ ಅಥವಾ ಯುವಿ ಟಾರ್ಚ್ ಬಿಟ್ಟುಕೊಂಡರೆ ಕಣ್ಣಿನ ವೈರಸ್ ಸಾಯುತ್ತದೆಯೇ? ಇಲ್ಲ. ಅದರಿಂದ ದೃಷ್ಟಿಗೇ ಅಪಾಯ.

ಬೆಳಕಿನ ಚಿಕಿತ್ಸೆ ಸುಳ್ಳೇನಲ್ಲ. ಬೆಳಕಿಗೆ ಸ್ಪಂದಿಸುವ ಬಣ್ಣವನ್ನು ಕಣ್ಣಿಗೆ ಹಾಕಿ, ವೈದ್ಯರು ಅಳತೆಯ ಬೆಳಕು ಬಿಡುತ್ತಾರೆ. ಆಗ ಹುಟ್ಟುವ ತೀವ್ರ ಕ್ರಿಯಾಶೀಲ ಆಮ್ಲಜನಕ ರೋಗಾಣುವನ್ನು ಹಾಳುಮಾಡುತ್ತದೆ. 1970ರ ದಶಕದಲ್ಲೇ ಕಾರ್ನಿಯಾದ ಹರ್ಪಿಸ್ ಸೋಂಕಿಗೆ ಪ್ರೊಫ್ಲಾವಿನ್ ಎಂಬ ಬಣ್ಣದೊಂದಿಗೆ ಇದನ್ನು ಪ್ರಯೋಗಿಸಿದ್ದರು. ಅದು ರೂಢಿಗೆ ಬರಲಿಲ್ಲ. ಇಂದು ರೋಸ್ ಬೆಂಗಾಲ್, ರೈಬೋಫ್ಲಾವಿನ್ ಬಳಸುವ ವಿಧಾನಗಳನ್ನು ಹೆಚ್ಚಾಗಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಂದಾದ ಕಾರ್ನಿಯಾ ಹುಣ್ಣಿಗೆ ಪರೀಕ್ಷಿಸಲಾಗುತ್ತಿದೆ.

ಹರ್ಪಿಸ್ ವಿಷಯದಲ್ಲಿ ಎಚ್ಚರ ಬೇಕು. ಈ ವೈರಸ್ ನರಗಳಲ್ಲಿ ಅಡಗಿ ಕೂತಿರುತ್ತದೆ. ನೇರಳಾತೀತ ಕಿರಣ ಅದನ್ನು ಮತ್ತೆ ಎಬ್ಬಿಸಬಹುದು. ಇದಕ್ಕೆ ಅಸೈಕ್ಲೋವಿರ್, ಗ್ಯಾನ್ಸಿಕ್ಲೋವಿರ್‌ನಂಥ ಔಷಧಿಗಳಿವೆ. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ಸೋಂಕು ಉಲ್ಬಣಿಸಬಹುದು.

ಇನ್ನು 'ಮದ್ರಾಸ್ ಐ' ಎಂದು ನಾವು ಕರೆಯುವ ಕೆಂಗಣ್ಣು ಹೆಚ್ಚಾಗಿ ಅಡಿನೊವೈರಸ್‌ನಿಂದ ಬರುತ್ತದೆ. ಸಾಮಾನ್ಯವಾಗಿ ಎರಡು-ಮೂರು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೈ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ.

ಕಣ್ಣು ನೋಯುತ್ತಿದೆಯೇ, ಮಂಜಾಗಿದೆಯೇ, ಬೆಳಕು ನೋಡಲಾಗುತ್ತಿಲ್ಲವೇ? ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಿ. 'ಬಿಸಿಲು ನೋಡಿ' ಎನ್ನುವ ಸಂದೇಶ ಬಂದರೆ ಅದನ್ನು ಫಾರ್ವರ್ಡ್ ಮಾಡಬೇಡಿ.